ಹಾಡು ಹಂಚಿದವರು, ಹಕ್ಕು ಕೇಳಿದವರು

ಕಳೆದ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ಜಮಾಅತಿನ ಹುಡುಗನೊಬ್ಬ ಇಶಾ ನಮಾಝ್ ಮುಗಿಸಿ ಮದ್ರಸದ ಜಗಲಿಗೆ ಬಂದ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಗಲ್ಫಿನಲ್ಲಿ ಅವನು ಕೆಲಸ ಮಾಡುವ ಕಡೆ, ಊರು ಬಿಟ್ಟು ಹೋಗುವ ವಿದೇಶೀಯರು ಮನೆ ಸಾಮಾನು ಮಾರುವ ಸಂತೆಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿದ್ದಂತೆ. ಬಿಚ್ಚಿ ನೋಡಿದರೆ ಕಪ್ಪು ತಟ್ಟೆಗಳು. ಊಟದ ಬಟ್ಟಲಿಗಿಂತ ಸಣ್ಣವು, ನಡುವೆ ದೊಡ್ಡ ತೂತು.

"ಉಸ್ತಾದೇ, ಇದು ಅಮೆರಿಕದ ಕಪ್ಪು ಜನರ ಹಳೇ ಹಾಡುಗಳು. ನಾನು ಇದನ್ನು ಕಂಪ್ಯೂಟರಿಗೆ ಹಾಕಿ ಫ್ರೆಂಡ್ಸಿಗೆಲ್ಲ ಕಳಿಸ್ತಾ ಇದ್ದೇನೆ. ಕೇಳುವುದಕ್ಕೆ ನೀವು ಬೈತೀರಿ, ಅದು ಗೊತ್ತುಂಟು. ನಾನು ಕೇಳಲು ಬಂದದ್ದು ಅದಲ್ಲ. ಹೀಗೆ ಹಂಚಿದರೆ ಯಾರದಾದರೂ ಹಕ್ಕು ನನ್ನ ಕುತ್ತಿಗೆಗೆ ಬೀಳ್ತದಾ?"

ಸಂಗೀತ ಕೇಳುವುದರ ಬಗ್ಗೆ ಉಲಮಾಗಳ ಮಾತು ಏನು, ಎಲ್ಲಿ ಭಿನ್ನಾಭಿಪ್ರಾಯ ಉಂಟು ಎಂಬುದನ್ನು ಈ ಪುಟದ ಓದುಗರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಅದಕ್ಕೆ ಮುಫ್ತಿಗಳಿದ್ದಾರೆ. ಈ ಬರಹ ಅದರ ಪರವೂ ಅಲ್ಲ, ವಿರುದ್ಧವೂ ಅಲ್ಲ. ಆದರೆ ಹುಡುಗನ ಎರಡನೇ ಪ್ರಶ್ನೆ ನಮ್ಮನ್ನು ಹಿಡಿದು ನಿಲ್ಲಿಸಿತು. ಈ ಕಾಲದಲ್ಲಿ ಮೊಬೈಲ್ ಒತ್ತಿ ಒಂದೇ ಕ್ಷಣದಲ್ಲಿ ನೂರು ಜನರಿಗೆ ಕಳಿಸುವ ಮೊದಲು "ಇದು ಯಾರ ಹಕ್ಕು?" ಎಂದು ಕೇಳುವವರು ಎಷ್ಟು ಮಂದಿ? ಉತ್ತರ ಕೂಡಲೇ ಹೇಳಲು ನಮಗೆ ಆಗಲಿಲ್ಲ. ಪೆಟ್ಟಿಗೆಯನ್ನು ಎರಡು ದಿನ ಇಟ್ಟುಕೊಂಡು ಹೆಸರುಗಳನ್ನು ಬರೆದುಕೊಂಡೆವು. ಆಮೇಲೆ ಓದುತ್ತಾ ಹೋದ ಹಾಗೆ ಕಥೆ ನಾವು ಎಣಿಸದ ಕಡೆಗೆಲ್ಲ ಕರಕೊಂಡು ಹೋಯಿತು. ಕೊನೆಗೆ ಒಂದು ದರ್ಗಾದ ಖಬರಸ್ತಾನಕ್ಕೂ!

ಇಸ್ತಾಂಬುಲಿನ ಉಸ್ಕುದಾರ್ ಎಂಬಲ್ಲಿ ಸುಲ್ತಾನ್ ತೆಪೆ ಎಂಬ ದಿಬ್ಬ ಉಂಟು. ಅದರ ಮೇಲೆ ಉಜ್ಬೆಕ್ ಸೂಫಿಗಳ ಒಂದು ಹಳೇ ತೆಕ್ಕೆ, ಅಂದರೆ ನಾವು ಖಾನ್‌ಖಾಹ್ ಅನ್ನುತ್ತೇವಲ್ಲ, ಅದು. ಹಿಂದೆ ಮಧ್ಯ ಏಷ್ಯಾದಿಂದ ಹಜ್ಜಿಗೆ ಹೊರಟವರು ಇಲ್ಲಿ ತಂಗಿ ಮುಂದೆ ಹೋಗುತ್ತಿದ್ದರು. ಅಲ್ಲಿನ ಶೇಖ್ ಆಗಿದ್ದ ಇಬ್ರಾಹೀಂ ಎದ್ಹೆಮ್ ಎಫೆಂದಿಯವರ ಖಬರಿನ ಪಕ್ಕದಲ್ಲೇ ಅವರ ಕುಟುಂಬದ ಒಬ್ಬರನ್ನು 2006ರ ದಶಂಬರದಲ್ಲಿ ದಫನ ಮಾಡಲಾಯಿತು. ಹೆಸರು ಅಹ್ಮದ್ ಎರ್ತೆಗುನ್. ತುರ್ಕಿಯವರ ಬಾಯಲ್ಲಿ ಅಹ್ಮೆತ್. ಹುಡುಗನ ಪೆಟ್ಟಿಗೆಯಲ್ಲಿದ್ದ ತಟ್ಟೆಗಳ ಪೈಕಿ ನಾಲ್ಕರ ಮೇಲೆ ಅಚ್ಚಾಗಿದ್ದ ‘ಅಟ್ಲಾಂಟಿಕ್’ ಎಂಬ ಕಂಪೆನಿಯನ್ನು ಕಟ್ಟಿದವರು ಇವರೇ. ಅಮೆರಿಕದ ಕಪ್ಪು ಜನರ ‘ರಿದಮ್ ಆಂಡ್ ಬ್ಲೂಸ್’ ಹಾಡುಗಳನ್ನು ಲೋಕಕ್ಕೆಲ್ಲ ಮುಟ್ಟಿಸಿದ ಕಂಪೆನಿಗಳ ಪೈಕಿ ಅದರದ್ದು ಮುಂಚೂಣಿಯ ಹೆಸರು. ಸೂಫಿ ಶೇಖರ ಮರಿಮಗ ಇದನ್ನು ಕಟ್ಟಿದ ಅಂದರೆ ಎಂತ ವಿಚಿತ್ರ ಅಲ್ವಾ!

ಮೊದಲು ತಟ್ಟೆಯ ವಿಷಯ ಹೇಳಿಬಿಡುತ್ತೇವೆ. ಅದರಲ್ಲಿ ನಮ್ಮ ದೇಶದ ಪಾಲೂ ಉಂಟು. ಪ್ಲಾಸ್ಟಿಕ್ಕಿನ ರೆಕಾರ್ಡ್ ಬಂದದ್ದು 1948-49ರ ಹೊತ್ತಿಗೆ. ಅದಕ್ಕೆ ಮೊದಲಿನ, ನಿಮಿಷಕ್ಕೆ 78 ಸುತ್ತು ತಿರುಗುವ ಭಾರದ ತಟ್ಟೆಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಯಲ್ಲಿ ಸಣ್ಣ ಹುಳಗಳು ಸುರಿಸುವ ಅಂಟು ಅದು. ಬಳೆ ಮಾಡುವುದಕ್ಕೂ ಮುದ್ರೆ ಒತ್ತುವುದಕ್ಕೂ ಬಳಸುವ ಅದೇ ಅರಗು. ಲೋಕಕ್ಕೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಈಗ ಜಾರ್ಖಂಡ್ ಎನ್ನುವ ಛೋಟಾನಾಗಪುರದ ಕಾಡುಗಳಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಗಳು ಬಾರದೆ ಅರಗಿಗೆ ಬರ ಬಂದು, 1942ರಲ್ಲಿ ಅಮೆರಿಕ ಸರಕಾರವೇ ರೆಕಾರ್ಡ್ ಕಂಪೆನಿಗಳ ಅರಗಿಗೆ ಕತ್ತರಿ ಹಾಕಿತು. ಹಳೇ ರೆಕಾರ್ಡ್ ತಂದು ಕೊಟ್ಟರೆ ಅದನ್ನೇ ಕರಗಿಸಿ ಹೊಸತು ಮಾಡುತ್ತಿದ್ದರಂತೆ. ಹಾಗೆ ಎಷ್ಟು ಹಾಡುಗಳು ಕರಗಿ ಹೋದವೋ ಅಲ್ಲಾಹನೇ ಬಲ್ಲ. ಅಂತೂ ಅಲ್ಲಿನ ಬಡ ಹಾಡುಗಾರನ ದನಿ ಕೂತದ್ದು ಇಲ್ಲಿನ ಬಡ ಆದಿವಾಸಿ ಮರದಿಂದ ಕೆರೆದು ತೆಗೆದ ಅಂಟಿನ ಮೇಲೆ. ಇಬ್ಬರಿಗೂ ಸಿಕ್ಕ ಕೂಲಿ ಎಷ್ಟು ಎಂದು ಕೇಳಿದರೆ ನಾಚಿಕೆಯಾಗಬೇಕು.

ಆಗ ಅಮೆರಿಕದಲ್ಲಿ ಕಪ್ಪು ಜನರ ಹಾಡಿನ ತಟ್ಟೆಗಳಿಗೆ ಇದ್ದ ಹೆಸರು ‘ರೇಸ್ ರೆಕಾರ್ಡ್ಸ್’. ಅಂದರೆ ಜನಾಂಗದ ಹೆಸರಿನಲ್ಲೇ ಬೇರೆ ಕಪಾಟು. ಬಸ್ಸಿನಲ್ಲಿ ಬೇರೆ ಸೀಟು, ಹೋಟೆಲಿನಲ್ಲಿ ಬೇರೆ ಬಾಗಿಲು, ಹಾಡಿಗೂ ಬೇರೆ ಪಟ್ಟಿ. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಆ ಹೆಸರು ತೆಗೆದು ‘ರಿದಮ್ ಆಂಡ್ ಬ್ಲೂಸ್’ ಎಂದು ಬದಲಿಸಿತು. ಹೆಸರು ಸೂಚಿಸಿದ್ದು ಅಲ್ಲಿನ ವರದಿಗಾರ ಜೆರ್ರಿ ವೆಕ್ಸ್‌ಲರ್. ಈ ಮನುಷ್ಯ 1953ರಲ್ಲಿ ಎರ್ತೆಗುನ್ ಕಂಪೆನಿಗೇ ಪಾಲುದಾರನಾಗಿ ಸೇರಿದ. ಅದೇ ಹಾಡುಗಳು ಬಿಳಿಯ ಹುಡುಗರ ರೇಡಿಯೊಕ್ಕೆ ಹೊಕ್ಕಾಗ ‘ರಾಕ್ ಆಂಡ್ ರೋಲ್’ ಆಯಿತು. ಕಪ್ಪು ಜನರ ಚರ್ಚಿನ ಹಾಡಿನ ಧಾಟಿ ಅದಕ್ಕೆ ಸೇರಿದಾಗ ‘ಸೋಲ್’ ಆಯಿತು. ಇಷ್ಟು ಗೊತ್ತಿದ್ದರೆ ಮುಂದಿನದ್ದಕ್ಕೆ ಸಾಕು.

ಅಹ್ಮದರ ತಂದೆ ಮುನೀರ್ ಎರ್ತೆಗುನ್ ಅಮೆರಿಕದಲ್ಲಿ ತುರ್ಕಿಯ ರಾಯಭಾರಿ. 1935ರ ಹೊತ್ತಿಗೆ ಕುಟುಂಬ ವಾಷಿಂಗ್ಟನ್ ಸೇರಿದಾಗ ಅಹ್ಮದ್ ಹನ್ನೆರಡರ ಹುಡುಗ. ಅಣ್ಣ ನಸೂಹಿಗೂ ತಮ್ಮನಿಗೂ ಹಾಡಿನ ತಟ್ಟೆಗಳ ಹುಚ್ಚು. ಕಪ್ಪು ಜನರ ಕೇರಿಗಳಲ್ಲಿ ತಿರುಗಿ ಹಳೇ ರೆಕಾರ್ಡ್ ಕೊಂಡು ತಂದು ಒಟ್ಟು ಹದಿನೈದು ಸಾವಿರಕ್ಕೂ ಹೆಚ್ಚು ಕೂಡಿಸಿದರು. ಕೂಡಿಸಿ ಬೀಗ ಹಾಕಲಿಲ್ಲ. ಆದಿತ್ಯವಾರಗಳಲ್ಲಿ ಕಪ್ಪು ಸಂಗೀತಗಾರರನ್ನು ರಾಯಭಾರಿ ನಿವಾಸಕ್ಕೇ ಊಟಕ್ಕೆ ಕರೆದರು. ರಾಜಧಾನಿಯಲ್ಲಿ ಕಪ್ಪು ಮನುಷ್ಯ, ಬಿಳಿ ಮನುಷ್ಯ ಒಂದೇ ಮೇಜಿನಲ್ಲಿ ಕೂರಲು ಜಾಗ ಇಲ್ಲದ ಕಾಲ ಅದು. ದಕ್ಷಿಣದ ಸೆನೆಟರ್ ಒಬ್ಬರು, ನಿಮ್ಮ ಮನೆಗೆ ಕರಿಯರು ಮುಂಬಾಗಿಲಿನಿಂದ ಬರುವುದನ್ನು ನೋಡಿದೆ ಎಂದು ಆಕ್ಷೇಪದ ಪತ್ರ ಬರೆದರಂತೆ. ರಾಯಭಾರಿಯ ಉತ್ತರ ಎರ್ತೆಗುನ್ ಕುಟುಂಬದ ಮೂಲಕ ಪ್ರಸಿದ್ಧವಾಗಿದೆ: ನಮ್ಮಲ್ಲಿ ಸ್ನೇಹಿತರು ಮುಂಬಾಗಿಲಿನಿಂದಲೇ ಬರುತ್ತಾರೆ, ತಾವು ಬರುವುದಾದರೆ ಹಿಂಬಾಗಿಲಿನ ವ್ಯವಸ್ಥೆ ಮಾಡಿಸೋಣ, ಎಂಬ ಅರ್ಥದ್ದು. ಮಿಂಬರಿನಲ್ಲಿ ನಿಂತು ಬಿಲಾಲರ (ರ.ಅ.) ಕಥೆ ಹೇಳುವವರು ನಾವು. ಆದರೆ ನಮ್ಮ ಮನೆಯ ಮುಂಬಾಗಿಲಿನಿಂದ ಯಾರು ಬರುತ್ತಾರೆ, ಯಾರು ಹಿತ್ತಿಲಿನಲ್ಲೇ ನಿಲ್ಲುತ್ತಾರೆ ಎಂದು ಎಷ್ಟು ಸಲ ನೋಡಿಕೊಂಡಿದ್ದೇವೆ?

1942ರಲ್ಲಿ ಸಹೋದರರು ಎರಡೂ ಬಣ್ಣದವರು ಒಟ್ಟಿಗೆ ಕೂತು ಕೇಳುವ ಸಂಗೀತ ಕಾರ್ಯಕ್ರಮ ಮಾಡಹೊರಟಾಗ ಹಾಲ್ ಸಿಗಲಿಲ್ಲ. ಕೊನೆಗೆ ಜಾಗ ಕೊಟ್ಟದ್ದು ಯಹೂದಿ ಸಮುದಾಯ ಭವನ. ಇದನ್ನೂ ಬರೆದಿಡುವುದು ನ್ಯಾಯ.

ಮುನೀರ್ ಸಾಹೇಬರು 1944ರಲ್ಲಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ, 1946ರಲ್ಲಿ ಅಮೆರಿಕ ತನ್ನ ‘ಮಿಸ್ಸೂರಿ’ ಯುದ್ಧನೌಕೆಯಲ್ಲೇ ಅವರ ಮಯ್ಯಿತ್ತನ್ನು ಇಸ್ತಾಂಬುಲಿಗೆ ಕಳಿಸಿಕೊಟ್ಟಿತು. ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಇದೇ ನೌಕೆಯ ಮೇಲೆ. ಮನೆಯವರು ತುರ್ಕಿಗೆ ವಾಪಸಾದರು, ಸಹೋದರರು ಅಲ್ಲೇ ಉಳಿದರು. ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಮಧ್ಯಯುಗದ ತತ್ತ್ವಶಾಸ್ತ್ರ ಓದುತ್ತಿದ್ದ ಅಹ್ಮದ್ 1947ರಲ್ಲಿ ಮನೆಯ ದಂತವೈದ್ಯ ಡಾ. ವಹ್ದಿ ಸಾಬಿತ್ ಅವರಿಂದ ಹತ್ತು ಸಾವಿರ ಡಾಲರ್ ತೆಗೆದು, ಹರ್ಬ್ ಅಬ್ರಾಮ್ಸನ್ ಎಂಬವರ ಜತೆ ಅಟ್ಲಾಂಟಿಕ್ ಕಂಪೆನಿ ಶುರು ಮಾಡಿದರು. ತಾವೇ ಕೆಲವು ಹಾಡು ಬರೆದರು. ಆದರೆ ಮನೆತನದ ಹೆಸರಿಗೆ ಕುಂದಾಗಬಾರದೆಂದೋ ಏನೋ, ‘ಎರ್ತೆಗುನ್’ ಎಂಬುದರ ಅಕ್ಷರಗಳನ್ನು ತಿರುಗುಮುರುಗು ಮಾಡಿ ‘ನುಗೆತ್ರೆ’ ಎಂದು ಹಾಕಿಸಿಕೊಂಡರು. ಮದ್ರಸಕ್ಕೆ ಚಕ್ಕರ್ ಹೊಡೆದು ರಜಾ ಅರ್ಜಿಗೆ ಬಾಪನ ಸಹಿ ಹಾಕುವ ನಮ್ಮ ಹುಡುಗರ ನೆನಪಾಗಿ ನಗು ಬಂತು.

ಮುಸ್ಲಿಮರ ನೆರಳು ಈ ಕಥೆಯಲ್ಲಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಮೆರಿಕಕ್ಕೆ ಗುಲಾಮರಾಗಿ ಹೋದ ಪಶ್ಚಿಮ ಆಫ್ರಿಕದವರ ಪೈಕಿ ಮದ್ರಸ ಕಲಿತ ಮುಸ್ಲಿಮರೂ ಇದ್ದರು. ಈಗಿನ ಸೆನೆಗಲ್ ಭಾಗದ ಫೂತಾ ತೋರೋದ ಉಮರ್ ಇಬ್ನ್ ಸಯೀದರನ್ನು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಲಾಯಿತು. ಅವರು 1831ರಲ್ಲಿ ತಮ್ಮ ಜೀವನವನ್ನು ಅರಬಿಯಲ್ಲಿ ಬರೆದರು. ಆರಂಭದಲ್ಲೇ ಸೂರತುಲ್ ಮುಲ್ಕ್. ಯಜಮಾನಿಕೆ ಯಾರದ್ದು ಎಂದು ಹೇಳುವ ಸೂರವನ್ನು ಒಬ್ಬ ಗುಲಾಮ ನೆನಪಿನಿಂದ ಬರೆದಿಟ್ಟಿದ್ದಾನೆ ಎಂದು ಓದಿದಾಗ ನಾವು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಜಾರ್ಜಿಯಾದ ಸಪೇಲೋ ದ್ವೀಪದಲ್ಲಿ ಬಿಲಾಲಿ ಮುಹಮ್ಮದ್ ಎಂಬವರು ಬಿಟ್ಟುಹೋದ ಹದಿಮೂರು ಪುಟಗಳ ಹಸ್ತಪ್ರತಿ ಬಹಳ ಕಾಲ ಯಾರಿಗೂ ಅರ್ಥವಾಗಿರಲಿಲ್ಲ. ನೋಡಿದರೆ ಅದು ಮಾಲಿಕೀ ಮದ್ಹಬಿನ ‘ರಿಸಾಲಾ’ ಕಿತಾಬಿನ ಭಾಗಗಳು! ವುಝೂ, ನಮಾಝಿನ ಮಸ್‌ಅಲಗಳು. ನಾವು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕಲಿಸುವ ಸಂಗತಿಯನ್ನು ಅವರು ಭತ್ತ, ಹತ್ತಿ ಬೆಳೆಯುವ ತೋಟದಲ್ಲಿ ಗುಲಾಮಗಿರಿಯ ನಡುವೆ ಬರೆದಿಟ್ಟಿದ್ದರು.

ಸಿಲ್ವಿಯಾನ್ ದಿಯುಫ್ ಎಂಬ ಇತಿಹಾಸಕಾರ್ತಿ ತಮ್ಮ ಭಾಷಣಗಳಲ್ಲಿ ಅಝಾನಿನ ಧ್ವನಿಮುದ್ರಣವನ್ನೂ, ಮಿಸಿಸಿಪ್ಪಿ ಕಡೆಯ ಕೂಲಿಗಳು ಕೆಲಸದ ನಡುವೆ ಕೂಗುತ್ತಿದ್ದ ಒಂಟಿ ಕೂಗಿನ ಹಾಡನ್ನೂ ಒಂದರ ಹಿಂದೆ ಒಂದು ಕೇಳಿಸುತ್ತಾರೆ. ಒಂದೇ ಅಕ್ಷರವನ್ನು ಎಳೆದು ಎಳೆದು ಏರಿಸಿ ಇಳಿಸುವ ಕ್ರಮ ಎರಡರಲ್ಲೂ ಕಾಣುತ್ತದೆ ಎನ್ನುವುದು ಅವರ ವಾದ. ಆ ಕೂಗಿನಿಂದ ಬ್ಲೂಸ್, ಬ್ಲೂಸಿನಿಂದ ಈ ತಟ್ಟೆಗಳು. ಎಲ್ಲ ವಿದ್ವಾಂಸರೂ ಇದನ್ನು ಇದೇ ತೂಕದಲ್ಲಿ ಒಪ್ಪುತ್ತಾರೆ ಎಂದಲ್ಲ. ನಮ್ಮವರು ಕೆಲವರು ಇದನ್ನು ಹಿಡಿದು "ಅಮೆರಿಕದ ಹಾಡೆಲ್ಲ ನಮ್ಮ ಅಝಾನಿನಿಂದ ಹುಟ್ಟಿದ್ದು" ಎಂದು ವಾಟ್ಸ್‌ಆಪಿನಲ್ಲಿ ತಿರುಗಿಸುತ್ತಾರೆ. ಅಷ್ಟು ದೂರ ಹೋಗುವುದು ಬೇಡ ಮಾರಾಯ್ರೆ. ಹೋಲಿಕೆ ಬೇರೆ, ಪುರಾವೆ ಬೇರೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಈ ತಟ್ಟೆಗಳು ಹುಟ್ಟಿದ ದಿನದಿಂದಲೂ ಕೈಯಿಂದ ಕೈಗೆ ಹೋದವುಗಳೇ. ನ್ಯಾಶ್‌ವಿಲ್ಲಿನ ಒಂದು ರೇಡಿಯೊ ಸ್ಟೇಷನ್, ‘ಡಬ್ಲ್ಯು.ಎಲ್.ಎ.ಸಿ.’ ಎಂದು ಹೆಸರು, ರಾತ್ರಿ ಹೊತ್ತು 50,000 ವ್ಯಾಟ್ ಶಕ್ತಿಯಲ್ಲಿ ಈ ಹಾಡುಗಳನ್ನು ಹಾಕುತ್ತಿತ್ತು. ಅರ್ಧ ಅಮೆರಿಕಕ್ಕೆ ಕೇಳುತ್ತಿತ್ತು. ಪಕ್ಕದ ಗ್ಯಾಲಟಿನ್ ಊರಿನ ‘ರ್‍ಯಾಂಡೀಸ್’ ಅಂಗಡಿಯವರು ಅಂಚೆಯಲ್ಲಿ ರೆಕಾರ್ಡ್ ಕಳಿಸುತ್ತಿದ್ದರು. ಊರಲ್ಲಿ ಒಬ್ಬನ ಮನೆಗೆ ಪಾರ್ಸೆಲ್ ಬಂದರೆ ಕೇರಿಗೆಲ್ಲ ಬಂದ ಹಾಗೆ. ಗಲ್ಫಿನಿಂದ ಟೇಪ್ ರೆಕಾರ್ಡರ್ ಬಂದ ಮನೆಯ ಚಾವಡಿ ಹೇಗಿರುತ್ತಿತ್ತು ಎಂದು ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ.

ಅಮೆರಿಕದ ತೋಟಗಳಲ್ಲಿ ಹಂಗಾಮಿ ಕೂಲಿಗೆ ಹೋಗಿ ಬರುತ್ತಿದ್ದ ಜಮೈಕಾದವರು ಈ ರೆಕಾರ್ಡುಗಳನ್ನು ಊರಿಗೆ ತಂದರು. ಕಿಂಗ್‌ಸ್ಟನ್ನಿನಲ್ಲಿ ರೆಕಾರ್ಡ್ ಕೊಳ್ಳುವ ಶಕ್ತಿ ಇಲ್ಲದ ಬಡವರಿಗಾಗಿ ರಸ್ತೆ ಬದಿಯಲ್ಲೇ ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿ ಕೇಳಿಸುವವರು ಹುಟ್ಟಿಕೊಂಡರು. ಅವರ ನಡುವೆ ಜಿದ್ದಾಜಿದ್ದಿ. ತನ್ನಲ್ಲಿರುವ ಹಾಡು ಎದುರಾಳಿಗೆ ಸಿಗಬಾರದು. ಹಾಗಾಗಿ ಎಂತ ಮಾಡಿದರು? ತಟ್ಟೆಯ ನಡುವಿನ ಕಾಗದವನ್ನು, ಹಾಡಿನ ಹೆಸರು, ಹಾಡಿದವನ ಹೆಸರು ಇರುವ ಲೇಬಲನ್ನು, ಕೆರೆದು ತೆಗೆದರು! ಕಾಕ್ಸನ್ ಡಾಡ್ ಎಂಬವರು ವಿಲ್ಲಿಸ್ ಜ್ಯಾಕ್ಸನ್ ನುಡಿಸಿದ ಒಂದು ರೆಕಾರ್ಡಿನ ಹೆಸರು ಅಳಿಸಿ ತನ್ನದೇ ಹೆಸರಿಟ್ಟು ವರ್ಷಗಟ್ಟಲೆ ಮೆರೆದರು. ಎದುರಾಳಿ ಡ್ಯೂಕ್ ರೀಡ್ ಕೊನೆಗೂ ಆ ತಟ್ಟೆಯನ್ನು ಹುಡುಕಿ ತಂದು ಹಾಕಿದಾಗ ಗುಟ್ಟು ರಟ್ಟಾಯಿತು. ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳಲ್ಲೂ ಇದೇ ಆಟ. 1965ರಲ್ಲಿ ಅಮೆರಿಕದ ಫ್ರ್ಯಾಂಕ್ ವಿಲ್ಸನ್ ಹಾಡಿದ ಒಂದು ರೆಕಾರ್ಡನ್ನು ಕಂಪೆನಿ ಬಿಡುಗಡೆ ಮಾಡದೆ ನಾಶ ಮಾಡಿಸಿತ್ತು. ಹೇಗೋ ಬೆರಳೆಣಿಕೆಯ ಪ್ರತಿಗಳು ಉಳಿದವು. ವಿಗನ್ ಎಂಬ ಊರಿನಲ್ಲಿ ಅದು ಮೊದಲು ಪ್ರಸಿದ್ಧವಾದದ್ದು ಬೇರೆಯೇ ಒಬ್ಬ ಹಾಡುಗಾರನ ಹೆಸರಿನಲ್ಲಿ. ಆ ತಟ್ಟೆಯ ಒಂದು ಪ್ರತಿ 2009ರಲ್ಲಿ 25 ಸಾವಿರ ಪೌಂಡಿಗೂ ಮೇಲೆ ಹೋಯಿತು.

ಇಲ್ಲಿ ನಮಗೆ ನಮ್ಮ ಪಾಠದ ಸಂಗತಿ ನೆನಪಾಗದೆ ಇರಲಿಲ್ಲ. ಹದೀಸ್ ಹೇಳುವವನು ಯಾರಿಂದ ಕೇಳಿದ, ಅವನು ಯಾರಿಂದ ಕೇಳಿದ ಎಂಬ ಸನದ್ ಹೇಳಬೇಕು. ಸನದ್ ಕೆರೆದು ತೆಗೆದ ಮಾತಿಗೆ ಮುಹದ್ದಿಸರ ಹತ್ತಿರ ಬೆಲೆ ಇಲ್ಲ. ಹಾಡನ್ನು ಹದೀಸಿಗೆ ಹೋಲಿಸುತ್ತಿದ್ದೇವೆ ಎಂದು ಯಾರೂ ತಪ್ಪು ತಿಳಿಯಬಾರದು, ಅಲ್ಲಾಹು ಕಾಪಾಡಲಿ. ಹೇಳುವುದು ಇಷ್ಟೇ: ಒಬ್ಬರ ಶ್ರಮವನ್ನು ಹಂಚುವಾಗ ಅವರ ಹೆಸರನ್ನು ಕೆರೆದು ಹಾಕುವುದು ಹಂಚುವುದಲ್ಲ, ಕದಿಯುವುದು. ಹುಡುಗ ಕಳಿಸಿದ ಫೈಲುಗಳನ್ನು ನೋಡಿದೆವು. ‘ಟ್ರ್ಯಾಕ್ 1’, ‘ಟ್ರ್ಯಾಕ್ 2’, ‘ಓಲ್ಡ್ ಸಾಂಗ್ ಸೂಪರ್’. ಲೇಬಲ್ ಕೆರೆದ ಹಾಗೆಯೇ ಆಯಿತಲ್ಲ!

ಹೆಸರಿನ ಹಿಂದೆ ಹಣದ ವಿಷಯವೂ ಉಂಟು. ಆ ಕಾಲದಲ್ಲಿ ಕಪ್ಪು ಹಾಡುಗಾರ ಒಂದು ಹಾಡು ಹಾಡಿದರೆ ಕೆಲವೇ ವಾರದಲ್ಲಿ ಬಿಳಿಯ ಹಾಡುಗಾರ ಅದನ್ನೇ ಹಾಡಿ ದೊಡ್ಡ ಕಂಪೆನಿಯಿಂದ ಬಿಡುತ್ತಿದ್ದ. ದೊಡ್ಡ ರೇಡಿಯೊಗಳು ಹಾಕುತ್ತಿದ್ದದ್ದು ಬಿಳಿಯನದ್ದು. ಅಟ್ಲಾಂಟಿಕ್ಕಿನ ಲಾವರ್ನ್ ಬೇಕರ್ ಎಂಬ ಹಾಡುಗಾರ್ತಿಯ ಒಂದು ಹಾಡನ್ನು 1955ರಲ್ಲಿ ಜಾರ್ಜಿಯಾ ಗಿಬ್ಸ್ ಎಂಬಾಕೆ ತಾಳ, ವಾದ್ಯದ ಜೋಡಣೆ ಸಮೇತ ಹಾಗೆಯೇ ಹಾಡಿ ಹೆಚ್ಚು ಮಾರಿದಳು. ಬೇಕರ್ ಸುಮ್ಮನೆ ಕೂರದೆ, ಇದಕ್ಕೊಂದು ಕಾನೂನು ಮಾಡಿ ಎಂದು ಸಂಸದ ಚಾರ್ಲ್ಸ್ ಡಿಗ್ಸ್ ಅವರಿಗೆ ಪತ್ರ ಬರೆದರು. ಕಾನೂನೇನೂ ಆಗಲಿಲ್ಲ. ಇನ್ನೊಂದು ಕಥೆಯೂ ಉಂಟು: ವಿಮಾನ ಹತ್ತುವಾಗ ಬೇಕರ್ ವಿಮೆ ಮಾಡಿಸಿ ಹಣ ಗಿಬ್ಸ್‌ಗೆ ಸೇರುವಂತೆ ಬರೆಸಿದರಂತೆ. ನಾನು ಸತ್ತರೆ ಪಾಪ ಆಕೆಗೆ ನಕಲು ಮಾಡಲು ಹಾಡು ಸಿಗದೆ ಹೊಟ್ಟೆಪಾಡಿಗೆ ತೊಂದರೆಯಾದೀತಲ್ಲ ಎಂದು!

ಆದರೆ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ರೂತ್ ಬ್ರೌನ್ ಎಂಬ ಹೆಂಗಸಿನ ಕಥೆಯ ಹತ್ತಿರ. ವರ್ಜೀನಿಯಾದ ಪೋರ್ಟ್ಸ್‌ಮತ್ ಊರಿನವರು, 1928ರಲ್ಲಿ ಹುಟ್ಟಿದವರು. 1948ರಲ್ಲಿ ಅಟ್ಲಾಂಟಿಕ್ ಜತೆ ಒಪ್ಪಂದಕ್ಕಾಗಿ ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಕಾರು ಅಪಘಾತವಾಗಿ ತಿಂಗಳುಗಟ್ಟಲೆ ಆಸ್ಪತ್ರೆ ಸೇರಿದರು. ಆಸ್ಪತ್ರೆಯ ಹಾಸಿಗೆಯಲ್ಲೇ ಸಹಿ ಹಾಕಿದರು. 1950ರಲ್ಲಿ ಅವರ ಒಂದು ಹಾಡು ಕಪ್ಪು ಜನರ ಪಟ್ಟಿಯಲ್ಲಿ ಹನ್ನೊಂದು ವಾರ ಮೊದಲ ಸ್ಥಾನದಲ್ಲಿತ್ತು. ಸಣ್ಣ ಕಂಪೆನಿ ಅಟ್ಲಾಂಟಿಕ್ ಅವರ ದನಿಯ ಮೇಲೆಯೇ ಎದ್ದು ನಿಂತಿತು, ಎಷ್ಟೆಂದರೆ ಜನ ಅದನ್ನು ‘ರೂತ್ ಕಟ್ಟಿದ ಮನೆ’ ಎಂದೇ ಕರೆದರು. 1961ರಲ್ಲಿ ಅವರು ಕಂಪೆನಿ ಬಿಟ್ಟರು. ಆಮೇಲೆ? ಮಕ್ಕಳನ್ನು ಸಾಕಲು ಮನೆಗೆಲಸ ಮಾಡಿದರು, ಶಾಲಾ ಬಸ್ ಓಡಿಸಿದರು. ಅವರ ತಟ್ಟೆಗಳು ಅತ್ತ ಸಂಗ್ರಾಹಕರ ಕೈಯಲ್ಲಿ ಹಣಕ್ಕೆ ಹಣ ಮಾಡುತ್ತಿದ್ದವು.

ಲೆಕ್ಕ ಹೇಗಿತ್ತು ನೋಡಿ. ರೆಕಾರ್ಡಿಂಗಿಗೆ ಆದ ಖರ್ಚು, ವಾದ್ಯದವರ ಸಂಬಳ, ಮುಂಗಡ ಎಲ್ಲವೂ ಹಾಡುಗಾರರ ಹೆಸರಿನ ಸಾಲ. ಮಾರಾಟದಲ್ಲಿ ಅವರ ಪಾಲು ಆ ಸಾಲಕ್ಕೆ ವಜಾ. ಸಾಲ ತೀರುವುದೇ ಇಲ್ಲ. ತೋಟದ ಧಣಿಯ ಪುಸ್ತಕದಲ್ಲಿ ಆಳಿನ ಸಾಲ ಹೇಗೆ ತೀರುವುದಿಲ್ಲವೋ ಹಾಗೆ. ಇದು ಅಟ್ಲಾಂಟಿಕ್ ಒಂದರದ್ದೇ ಚಾಳಿಯಲ್ಲ, ಆ ಕಾಲದ ಇಡೀ ವ್ಯಾಪಾರದ್ದು. ಆದರೆ ಮುಂಬಾಗಿಲು ತೆರೆದ ಮನೆಯವರ ಲೆಕ್ಕದ ಪುಸ್ತಕವೂ ಹೀಗೇ ಇತ್ತಲ್ಲ ಎಂದು ಓದುವಾಗ ನಮಗೆ ಬೇಸರವಾಯಿತು. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ (ಸ.ಅ.) ಅವರ ಮಾತು ಗೊತ್ತಿಲ್ಲದ ಮುಸ್ಲಿಂ ಮಗು ಇದೆಯೇ? ಶೇಖರ ಮರಿಮಗನಿಗೂ ಅದು ಗೊತ್ತಿರಲೇಬೇಕು.

ಅವರ ಬಾಕಿ ಹೊರಗೆ ಬರುವುದಕ್ಕೆ ಕಾರಣನಾದವನು ಒಬ್ಬ ಹಳೇ ರೆಕಾರ್ಡ್ ಪ್ರೇಮಿ! ವಾಷಿಂಗ್ಟನ್ನಿನ ವಕೀಲ ಹವೆಲ್ ಬೆಗಲ್. ರೂತ್ ಬ್ರೌನ್ ಕಾರ್ಯಕ್ರಮ ಮುಗಿದಾಗ ತಾನು ದುಬಾರಿ ಕೊಟ್ಟು ಕೊಂಡ ರೆಕಾರ್ಡಿಗೆ ಸಹಿ ಹಾಕಿಸಲು ಹೋದವರು, ಇದರಲ್ಲಿ ಅವರಿಗೆ ಒಂದು ಬಿಡಿಗಾಸೂ ಬಂದಿಲ್ಲ ಎಂದು ತಿಳಿದು ದಂಗಾದರು. ವರ್ಷಗಟ್ಟಲೆ ಬೆನ್ನು ಹತ್ತಿದರು. 1988ರಲ್ಲಿ ಅಟ್ಲಾಂಟಿಕ್ ಮಣಿಯಿತು. ರೂತ್ ಬ್ರೌನ್ ಮತ್ತು ಅವರ ಕಾಲದ ಇತರ 35 ಹಾಡುಗಾರರ ಹಳೇ ‘ಸಾಲ’ ಮನ್ನಾ, ಹಿಂದಿನ ಇಪ್ಪತ್ತು ವರ್ಷಗಳ ಗೌರವಧನ ಪಾವತಿ. ಕಷ್ಟದಲ್ಲಿರುವ ಹಳೇ ಹಾಡುಗಾರರ ನೆರವಿಗಾಗಿ ‘ರಿದಮ್ ಆಂಡ್ ಬ್ಲೂಸ್ ಫೌಂಡೇಶನ್’ ಎಂಬ ಸಂಸ್ಥೆಗೂ ದೊಡ್ಡ ಮೊತ್ತ ಕೊಟ್ಟರು. ತಡವಾಗಿಯಾದರೂ ಹಕ್ಕು ತೀರಿಸಿದ್ದು ಅಹ್ಮದರ ಖಾತೆಗೆ ಒಳ್ಳೆಯದೇ. ಆದರೆ 36 ಮಂದಿಗೆ ಮುಟ್ಟುವಷ್ಟರಲ್ಲಿ ಅವರ ಸಂಗಡಿಗರು ಎಷ್ಟೋ ಮಂದಿ ಮಣ್ಣು ಸೇರಿದ್ದರು. ರೂತ್ ಬ್ರೌನ್ 2006ರ ನವಂಬರದಲ್ಲಿ ತೀರಿಕೊಂಡರು. ಒಂದು ತಿಂಗಳೂ ತುಂಬುವ ಮೊದಲೇ ಅಹ್ಮದರೂ ಹೋದರು.

ಪೆಟ್ಟಿಗೆಯಲ್ಲಿ ಇದ್ದ ಇನ್ನಿಬ್ಬರ ಬಗ್ಗೆ ಎರಡು ಮಾತು. ಸ್ಯಾಮ್ ಕುಕ್ ಎಂಬವರ ಎರಡು ತಟ್ಟೆ ಇತ್ತು. 1964ರ ಫೆಬ್ರವರಿ 25ರಂದು ಮುಹಮ್ಮದ್ ಅಲಿ, ಆಗಿನ ಹೆಸರು ಕ್ಯಾಸಿಯಸ್ ಕ್ಲೇ, ಲಿಸ್ಟನ್‌ನನ್ನು ಸೋಲಿಸಿ ಪಟ್ಟ ಗೆದ್ದಾಗ ಆ ಗದ್ದಲದ ನಡುವೆ ರಿಂಗಿನ ಒಳಗೆ ಕರೆದದ್ದು ಇದೇ ಸ್ನೇಹಿತನನ್ನು. ಹಾಡಿನ ಹಕ್ಕು ಬೇರೆಯವರಿಗೆ ಬಿಟ್ಟುಕೊಡದೆ ಸ್ವಂತ ಪ್ರಕಾಶನ, ಸ್ವಂತ ರೆಕಾರ್ಡ್ ಕಂಪೆನಿ ಕಟ್ಟಿದ ಬುದ್ಧಿವಂತ ಅವರು. ಅದೇ ದಶಂಬರದಲ್ಲಿ ಗುಂಡೇಟಿಗೆ ಬಲಿಯಾದರು. ಇನ್ನೊಬ್ಬರು ಜೋ ಟೆಕ್ಸ್. 1972ರಲ್ಲಿ ಹಾಡು ಬಿಟ್ಟು ಯೂಸುಫ್ ಎಂಬ ಹೆಸರಿನಲ್ಲಿ ಧರ್ಮ ಬೋಧಿಸುತ್ತಾ ಊರೂರು ತಿರುಗಿದವರು. ಅವರು ಸೇರಿದ್ದ ‘ನೇಷನ್ ಆಫ್ ಇಸ್ಲಾಂ’ನ ಅಖೀದಾ ನಮ್ಮದಲ್ಲ, ಅದು ಸ್ಪಷ್ಟವಿರಲಿ. ಫಿಲಡೆಲ್ಫಿಯಾದ ಸೋಲ್ ಹಾಡುಗಳ ಕೆನ್ನಿ ಗ್ಯಾಂಬಲ್, ಈಗ ಲುಖ್ಮಾನ್ ಅಬ್ದುಲ್ ಹಖ್, 1993ರಿಂದ ತಾನು ಬೆಳೆದ ಬಡ ಕೇರಿಯಲ್ಲೇ ಪಾಳು ಮನೆಗಳನ್ನು ಸರಿಪಡಿಸಿ ಜನರಿಗೆ ವಾಸಕ್ಕೆ ಮಾಡಿಕೊಡುವ, ಶಾಲೆ ನಡೆಸುವ ಕೆಲಸಕ್ಕೆ ಇಳಿದರು.

ಹಾಗಾದರೆ ಯಾರೂ ಹಂಚಲೇಬಾರದೇ? ಅದೂ ಅಲ್ಲ. 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಅಟ್ಲಾಂಟಿಕ್ ಕಂಪೆನಿಯ ಮೂಲ ಟೇಪುಗಳಿದ್ದ ಗೋದಾಮಿಗೆ ಬೆಂಕಿ ಬಿತ್ತು. 1940ರ ದಶಕದ ಕೊನೆಯಿಂದ 1969ರ ವರೆಗಿನ ಸಾವಿರಾರು ಟೇಪುಗಳು ಸುಟ್ಟವು. ಹೆಚ್ಚಿನವು ಎಂದೂ ಬಿಡುಗಡೆಯಾಗದ ಹಾಡುಗಳದ್ದು. ಬೇರೆ ಪ್ರತಿ ಇಲ್ಲ, ಮುಗಿಯಿತು. ಬಿಡುಗಡೆಯಾದ ಹಾಡುಗಳು ಮಾತ್ರ ಜನರ ಮನೆ ಮನೆಯ ಪೆಟ್ಟಿಗೆಗಳಲ್ಲಿ ಹರಡಿದ್ದರಿಂದ ಬದುಕಿದವು. ಕಂಪೆನಿಯ ಬೀಗಕ್ಕಿಂತ ಜನರ ಅಟ್ಟ ಗಟ್ಟಿ.

ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆವು. ಅಮೆರಿಕದಲ್ಲಿ 2018ರ ಕಾಯ್ದೆಯಂತೆ 1947ರಿಂದ 1956ರೊಳಗೆ ಬಿಡುಗಡೆಯಾದ ಧ್ವನಿಮುದ್ರಣಕ್ಕೆ 110 ವರ್ಷ ರಕ್ಷಣೆ. 1957ರ ನಂತರದ್ದಕ್ಕೆ, 1972ರ ಫೆಬ್ರವರಿ ವರೆಗಿನದ್ದಕ್ಕೆ, 2067ರ ವರೆಗೆ. ಅಂದರೆ ರೂತ್ ಬ್ರೌನ್ ಅವರ 1950ರ ಹಾಡು 2060 ಮುಗಿಯುವ ವರೆಗೆ ಅಲ್ಲಿ ಇನ್ನೊಬ್ಬರ ಸೊತ್ತು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ತಮಾಷೆ ಎಂದರೆ, ಅಮೆರಿಕದ ಸಾಧಾರಣ ರೇಡಿಯೊ ಸ್ಟೇಷನುಗಳು ಇಂದಿಗೂ ಹಾಡು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ.

ಹುಡುಗ ವಾಪಸು ಹೋಗುವ ಹಿಂದಿನ ದಿನ ಬಂದ. ನಾವು ಹೇಳಿದ್ದು ಇಷ್ಟು. ತಟ್ಟೆ ನಿನ್ನದು, ದುಡ್ಡು ಕೊಟ್ಟಿದ್ದಿ, ಸ್ನೇಹಿತನಿಗೆ ಎರವಲು ಕೊಡು, ಮಾರು, ದಾನ ಮಾಡು. ಆದರೆ ತಟ್ಟೆಯೊಳಗಿನ ದನಿಯ ಹಕ್ಕು ನೀನು ಕೊಟ್ಟ ಚಿಲ್ಲರೆಯಲ್ಲಿ ಸೇರಿಲ್ಲ. ಹಕ್ಕುದಾರರು ಇರುವ ಹಾಡನ್ನು ನಕಲು ಮಾಡಿ ನೂರು ಜನರಿಗೆ ಕಳಿಸುವುದು ಬೇಡ, ಕೇಳಲೇಬೇಕು ಎನ್ನುವವರಿಗೆ ಹಣ ಕೊಟ್ಟು ಕೇಳುವ ದಾರಿ ಉಂಟು, ಅಲ್ಲಿಂದ ಹಾಡುಗಾರರ ಮಕ್ಕಳಿಗಾದರೂ ಏನೋ ಒಂದು ಮುಟ್ಟಬಹುದು. ಎಲ್ಲೂ ಸಿಗದ ಹಾಡಿದ್ದರೆ ನಕಲು ಮಾಡಿ ಜೋಪಾನವಾಗಿಡು, ಲೇಬಲಿನಲ್ಲಿ ಇದ್ದಷ್ಟನ್ನೂ ಬರೆದಿಡು. ಹಾಡಿದವರು, ಬರೆದವರು, ಕಂಪೆನಿ, ನಂಬರ್ ಸಮೇತ. "ನಂಬರ್ ಕೂಡಾ ಬೇಕಾ ಉಸ್ತಾದೇ?" ಎಂದ. ಬೇಕು ಎಂದೆವು. ಅದರಿಂದಲೇ ರೆಕಾರ್ಡ್ ಯಾವ ವರ್ಷದ್ದೆಂದು ಪತ್ತೆ ಹಚ್ಚುತ್ತಾರೆ.

ನಮ್ಮ ಮನೆಗಳಲ್ಲಿ ಓದುವ ಮುಹ್ಯುದ್ದೀನ್ ಮಾಲೆಯ ಮಾತು ಆಗ ಬಂತು. ಅದನ್ನು ಬರೆದವರು ಕೋಝಿಕ್ಕೋಡಿನ ಖಾಝಿ ಮುಹಮ್ಮದ್. ಕೊಲ್ಲಂ ವರ್ಷ 782, ಅಂದರೆ 1607. ಇದು ನಮಗೆ ಹೇಗೆ ಗೊತ್ತು? ಊರು, ಹೆಸರು, ಇಸವಿಯನ್ನೆಲ್ಲ ಅವರು ಮಾಲೆಯ ಸಾಲುಗಳ ಒಳಗೇ ಹೆಣೆದಿಟ್ಟಿದ್ದಾರೆ. ಕೆರೆದು ತೆಗೆಯಲು ಲೇಬಲ್ಲೇ ಇಲ್ಲ. ನಾನ್ನೂರು ವರ್ಷ ಕಳೆದರೂ ಮಗ್‌ರಿಬ್ ನಂತರ ಉಮ್ಮಂದಿರು ಓದುವಾಗ ಹೆಸರೂ ಓದಿ ಹೋಗುತ್ತದೆ.

"ಹಾಗಾದರೆ ನಮ್ಮ ಮನೆಯ ಕ್ಯಾಸೆಟಿನಲ್ಲಿ ಯಾರ ಹೆಸರುಂಟು ಉಸ್ತಾದೇ?" ಎಂದು ಹುಡುಗ ತಿರುಗಿ ಕೇಳಿದ. ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆವು. ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಹನ್ನೆರಡು ಕ್ಯಾಸೆಟ್. ಮೂರರ ಮೇಲೆ ಅಚ್ಚಿನ ಹೆಸರು, ಉಳಿದದ್ದು ಮನೆಯಲ್ಲೇ ಮದುವೆ, ಮೌಲೂದ್ ಸಮಯ ತುಂಬಿಸಿದ್ದು. ಒಂದರ ಮೇಲೆ ಬಾಲ್‌ಪೆನ್ನಿನಲ್ಲಿ ‘4’ ಎಂದಷ್ಟೇ. ಹಾಕಿದಾಗ ಒಬ್ಬ ಹೆಂಗಸು ಬ್ಯಾರಿ ಮದುವೆ ಹಾಡು ಹೇಳುತ್ತಿದ್ದರು, ಹಿಂದೆ ಪಾತ್ರೆಯ ಸದ್ದು, ಮಗುವಿನ ಅಳು. ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಒಳಗಿನಿಂದ ಹುಡುಗನ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತು ಕೇಳಿದರು. ತನ್ನ ತಾಯಿಯ ತಂಗಿಯ ದನಿ ಇದ್ದ ಹಾಗೆ ಉಂಟು, ಆದರೆ ಖಂಡಿತ ಹೇಳಲಿಕ್ಕೆ ಆಗುವುದಿಲ್ಲ, ಇನ್ನೊಮ್ಮೆ ಹಾಕು ಎಂದರು. ಇನ್ನೊಮ್ಮೆ ಹಾಕಿದ. ಆಮೇಲೆ ಅವರು ಹೇಳಿದ ಹೆಸರನ್ನು ‘4’ರ ಪಕ್ಕ ಪೆನ್ಸಿಲಿನಲ್ಲಿ ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆವು.